ಮಳೆಗೆ ಮುನ್ನ ಹಟ್ಟಿ: ಊರ ಸಾಮಗ್ರಿ, ನಮ್ಮದೇ ಕೈಕೆಲಸ

ಹೈನುಗಾರ ಅಕ್ಕಂದಿರೇ,

ನಾಳೆ ಬೆಳಿಗ್ಗೆ ಹಾಲು ಕರೆಯಲು ಹೋದಾಗ ಎರಡು ಪರೀಕ್ಷೆ ಮಾಡಿ ನೋಡಿ. ಒಂದು, ದನ ಮಲಗುವ ಜಾಗದಲ್ಲಿ ಅರ್ಧ ನಿಮಿಷ ಮೊಣಕಾಲೂರಿ ಕುಳಿತುಕೊಳ್ಳಿ. ಏಳುವಾಗ ಸೀರೆ ಒದ್ದೆಯಾಗಿದ್ದರೆ, ದನದ ಕೆಚ್ಚಲೂ ರಾತ್ರಿಯಿಡೀ ಆ ಒದ್ದೆಯಲ್ಲೇ ಇತ್ತು ಎಂದರ್ಥ. ಎರಡು, ದನದ ಮೂಗಿನ ಎತ್ತರಕ್ಕೆ ಬಗ್ಗಿ ಉಸಿರೆಳೆಯಿರಿ. ಕಣ್ಣು ಉರಿದರೆ ಗಂಜಲದ ಅಮೋನಿಯಾ ಗಾಳಿ ಹೊರಗೆ ಹೋಗುತ್ತಿಲ್ಲ.

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಒದ್ದೆ ಹಟ್ಟಿಯಲ್ಲಿ ಮೊದಲು ಬರುವುದು ಕೆಚ್ಚಲು ಬಾವು. ಹಾಲು ಇಳಿಯುತ್ತದೆ, ಎಸ್‌ಎನ್‌ಎಫ್ ಕಡಿಮೆಯಾಗುತ್ತದೆ, ಔಷಧಿ ಕೊಟ್ಟ ದಿನಗಳ ಹಾಲನ್ನು ಸಂಘಕ್ಕೆ ಹಾಕುವಂತಿಲ್ಲ. ಇದನ್ನು ತಡೆಯಲು ಸಾಲ ಮಾಡಿ ಹೊಸ ಹಟ್ಟಿ ಕಟ್ಟಬೇಕಾಗಿಲ್ಲ. ಹಿತ್ತಲು, ತೋಟದಲ್ಲಿ ಸಿಗುವುದರಿಂದಲೇ ಬಹಳಷ್ಟು ಸರಿಮಾಡಬಹುದು.

ದಿಕ್ಕು ಮತ್ತು ಮಾಡು

ಹಟ್ಟಿಯ ಉದ್ದ ಪೂರ್ವ–ಪಶ್ಚಿಮವಾಗಿರಲಿ. ಆಗ ಕಡಲ ಕಡೆಯ ಗಾಳಿಮಳೆಗೆ ಸಿಗುವುದು ಪಶ್ಚಿಮದ ಗಿಡ್ಡ ಬದಿ. ಅದಕ್ಕೆ ತೆಂಗಿನ ಮಡಲಿನ ತಟ್ಟಿ ಕಟ್ಟಿ. ದಕ್ಷಿಣಕ್ಕೆ ಮಾಡನ್ನು ಎರಡೂವರೆ–ಮೂರು ಅಡಿ ಹೊರಗೆ ಚಾಚಿ. ನಾಲ್ಕೂ ಕಡೆ ಟಾರ್ಪಾಲು ಬಿಗಿಯಬೇಡಿ. ಮಳೆ ನಿಲ್ಲುತ್ತದೆ, ಅಮೋನಿಯಾ ಒಳಗೇ ಉಳಿಯುತ್ತದೆ. ಗೋಡೆಯ ಮೇಲಿನ ಅರ್ಧ ತೆರೆದಿರಲಿ.

ಹಳೆ ಮನೆ ಕೆಡವಿದ ಕಡೆ ಮಂಗಳೂರು ಹಂಚು ಸಿಗುತ್ತದೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಶುರುಮಾಡಿದ ಈ ಹಂಚು ಕರಾವಳಿಯ ಹವೆಗೆ ಇಂದಿಗೂ ಒಪ್ಪುತ್ತದೆ. ತಗಡಿನ ಮಾಡಾದರೆ ಬೇಸಿಗೆಯಲ್ಲಿ ಮೇಲೆ ಮಡಲು ಹೊದೆಸಿ, ಮಳೆಗೆ ಮುನ್ನ ತೆಗೆಯಿರಿ. ಸೆಕೆಯಲ್ಲಿ ಮಿಶ್ರತಳಿ ದನ ಮೇವು ಬಿಡುತ್ತದೆ, ಹಾಲೂ ಇಳಿಯುತ್ತದೆ.

ಅಡಿಕೆ ದಬ್ಬೆ

ಬಲಿತ ಮರವನ್ನೇ ಸೀಳಿ, ಒಳಗಿನ ಮೆತ್ತನೆ ತಿರುಳು ಕೆತ್ತಿ ತೆಗೆದು ಒಣಗಿಸಿ. ತಿರುಳು ಉಳಿದರೆ ಹುಳ ಹಿಡಿಯುತ್ತದೆ. ಕಂಬವನ್ನು ನೆಲದಲ್ಲಿ ಹೂಳದೆ ಕೆಂಪುಕಲ್ಲಿನ ಮೇಲೆ ನಿಲ್ಲಿಸಿ, ಬುಡ ಅಲ್ಲಾಡದಂತೆ ಕಟ್ಟಿ. ಗೆದ್ದಲು ಹತ್ತಿದರೂ ಕಣ್ಣಿಗೆ ಬೀಳುತ್ತದೆ. ಬಿದಿರು ಬಳಸುವವರು ಕೆಲವು ವಾರ ಹರಿಯುವ ನೀರಿನಲ್ಲಿ ಮುಳುಗಿಸಿಟ್ಟು ಒಣಗಿಸಿದರೆ ಹೆಚ್ಚು ಬಾಳುತ್ತದೆ.

ನೆಲ ಮತ್ತು ಹಾಸು

ಒಂದು ದನಕ್ಕೆ ಸುಮಾರು ಐದೂವರೆ ಅಡಿ ಉದ್ದ, ನಾಲ್ಕು ಅಡಿ ಅಗಲ ಬೇಕು. ಹಿಂದಕ್ಕೆ 40ಕ್ಕೆ 1ರಂತೆ ಇಳಿಜಾರು, ಅಂದರೆ ಐದು ಅಡಿಗೆ ಒಂದೂವರೆ ಇಂಚು. ಒಂದು ಬಕೆಟ್ ನೀರು ಚೆಲ್ಲಿ. ನಿಂತ ಜಾಗವನ್ನು ಗುರುತುಮಾಡಿ ತುಂಬಿಸಿ. ಸಿಮೆಂಟು ಹಸಿಯಿರುವಾಗಲೇ ಗೆರೆ ಎಳೆದರೆ ದನ ಜಾರುವುದಿಲ್ಲ.

ಹಾಸಿಗೆ ಒಣ ತರಗೆಲೆ, ಹುಲ್ಲು, ಮರದ ಹುಡಿ ಯಾವುದೂ ಆದೀತು, ಒಣಗಿದ್ದರೆ ಸಾಕು. ಬೇಸಿಗೆಯಲ್ಲೇ ತರಗೆಲೆ ಗುಡಿಸಿ, ಮಳೆ ತಾಗದ ಕಡೆ ಕೂಡಿಟ್ಟುಕೊಳ್ಳಿ. ಒದ್ದೆಯಾದದ್ದನ್ನು ದಿನವೂ ಗೊಬ್ಬರ ಗುಂಡಿಗೆ ಹಾಕಿ. ಹಾಲು ಕರೆದ ಮೇಲೆ ಮೊಲೆತೊಟ್ಟಿನ ತೂತು ಮುಚ್ಚಲು ಸುಮಾರು ಅರ್ಧ ಗಂಟೆ ಬೇಕು. ಹಸಿಹುಲ್ಲನ್ನು ಆಗಲೇ ಹಾಕಿ. ತಿನ್ನುತ್ತ ನಿಂತ ದನ ಮಲಗುವುದಿಲ್ಲ.

ಗಂಜಲ ಬಾವಿಗೆ ಬೇಡ

ನಮ್ಮ ಕೆಂಪುಕಲ್ಲಿನ ನೆಲದಲ್ಲಿ ನೀರು ಬೇಗ ಇಂಗುತ್ತದೆ. ಹಟ್ಟಿಯ ನೀರು ಬಾವಿ ಸೇರಿದರೆ ಅದನ್ನು ಕುಡಿಯುವವರು ನಮ್ಮ ಮಕ್ಕಳೇ. ಗೊಬ್ಬರ ಗುಂಡಿ ಬಾವಿಯಿಂದ ಕನಿಷ್ಠ 50 ಅಡಿ ದೂರ, ಬಾವಿಗಿಂತ ತಗ್ಗಿನಲ್ಲಿರಲಿ. ಚರಂಡಿಯ ಗಂಜಲವನ್ನು ಗುಂಡಿಯಲ್ಲಿ ಹಿಡಿದು ನೀರು ಬೆರೆಸಿ ಹುಲ್ಲಿಗೆ, ತೆಂಗಿನ ಬುಡಕ್ಕೆ ಬಿಡಿ.

ಎಲ್ಲವನ್ನೂ ಒಮ್ಮೆಗೇ ಮಾಡಬೇಕೆಂದಿಲ್ಲ. ಈ ವಾರ ನೆಲದ ಗುಂಡಿ, ಮುಂದಿನ ವಾರ ತಟ್ಟಿ. ಮೇಳಗಳ ತಿರುಗಾಟ ಮುಗಿಯುವ ಹತ್ತನಾವಧಿಯೊಳಗೆ ಮುಗಿಸಿ. ಮಡಲು ಹೆಣೆಯುವ ಕೆಲಸಕ್ಕೆ ಸಂಘದ ನಾಲ್ಕೈದು ಮಂದಿ ಇವತ್ತು ಒಬ್ಬರ ಮನೆ, ನಾಳೆ ಇನ್ನೊಬ್ಬರ ಮನೆ ಎಂದು ಸೇರಿಕೊಂಡರೆ ಕೂಲಿಯೂ ಉಳಿಯುತ್ತದೆ. ಜೂನ್‌ನಲ್ಲಿ ಮತ್ತೊಮ್ಮೆ ಮೊಣಕಾಲೂರಿ ನೋಡಿ. ಸೀರೆ ಒಣಗಿದ್ದರೆ ನಿಮ್ಮ ಕೆಲಸ ಗೆದ್ದಿತು.