ಸದ್ದಿಲ್ಲದ ದಾರಿಯಲ್ಲಿ ಸೈಕಲ್ ಸಂಚಾರ

'ಆರೋಗ್ಯವೇ ಭಾಗ್ಯ' ಎಂಬ ಹಿರಿಯರ ಮಾತನ್ನು ಕೇಳದವರಿಲ್ಲ. ಆದರೆ ಆ ಭಾಗ್ಯವನ್ನು ಉಳಿಸಿಕೊಳ್ಳುವ ಬಗೆಯನ್ನು ಚಿಂತಿಸಲು ಮಹಾನಗರದ ಉದ್ಯೋಗಸ್ಥನಿಗೆ ವೇಳೆ ಸಾಲದು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕರ ರೈಲು ಠಾಣೆಯನ್ನು ಮುಟ್ಟಿತು. ಅಂದಿನಿಂದ ಈ ಊರಿನ ಬದುಕು ರೈಲಿನ ವೇಳಾಪಟ್ಟಿಗೆ ಹೊಂದಿಕೊಂಡೇ ನಡೆದಿದೆ. ನೌಪಾಡಾದಲ್ಲಿ ನೆಲೆಸಿದ ಕನ್ನಡಿಗ ಗೃಹಸ್ಥನೂ ಇದಕ್ಕೆ ಹೊರತಲ್ಲ. ಬೆಳಗ್ಗೆ ಲೋಕಲ್ ಗಾಡಿ, ಹಗಲೆಲ್ಲ ಕುರ್ಚಿ, ಸಂಜೆ ಮತ್ತೆ ಲೋಕಲ್ ಗಾಡಿ. ನಲವತ್ತು ದಾಟುವಷ್ಟರಲ್ಲಿ ರಕ್ತದೊತ್ತಡ, ಮಧುಮೇಹ, ಮಂಡಿನೋವು ಒಂದೊಂದಾಗಿ ಬಾಗಿಲು ತಟ್ಟುತ್ತವೆ.

ವಿಚಿತ್ರವೆಂದರೆ, ಇವರಲ್ಲಿ ಬಹುಮಂದಿ ಬಾಲ್ಯದಲ್ಲಿ ಊರಿನ ಮಣ್ಣಿನ ದಾರಿಯಲ್ಲಿ ಸೈಕಲ್ ತುಳಿದು ಶಾಲೆಗೆ ಹೋದವರೇ. ನಗರಕ್ಕೆ ಬಂದ ಮೇಲೆ ಅದನ್ನು ಬಿಟ್ಟರು. ಕಾರಣ ಸೋಮಾರಿತನವಲ್ಲ, ರಸ್ತೆಯ ಭಯ. ತೀನ್ ಹಾತ್ ನಾಕಾದ ವಾಹನಪ್ರವಾಹವನ್ನು ಒಮ್ಮೆ ಕಂಡವರು ಆ ಭಯವನ್ನು ಹುಸಿಯೆನ್ನಲಾರರು. ಆದಕಾರಣ 'ಸೈಕಲ್ ತುಳಿಯಿರಿ' ಎಂದು ಉಪದೇಶಿಸಿದರೆ ಸಾಲದು. ಎಲ್ಲಿ ತುಳಿಯಬೇಕು ಎಂಬುದನ್ನೂ ಹೇಳಬೇಕಾಗುತ್ತದೆ.

ಫ್ರಾನ್ಸ್ ದೇಶದ ಪಾಠ

ಠಾಣೆಗೆ ರೈಲು ಬಂದ ಅದೇ ಏಪ್ರಿಲ್ ತಿಂಗಳಿನಲ್ಲಿ ಫ್ರಾನ್ಸ್ ದೇಶದಲ್ಲಿ ಪಾಲ್ ದ ವಿವಿ ಎಂಬಾತನು ಜನಿಸಿದನು. ಸೇಂಟ್ ಎಟಿಯೆನ್ ಪಟ್ಟಣದಲ್ಲಿ ರೇಷ್ಮೆ ವ್ಯಾಪಾರಿಯಾಗಿದ್ದ ಈತನು ಮುಂದೆ ಸೈಕಲ್ಲಿಗಾಗಿಯೇ ಬಾಳನ್ನು ಮೀಸಲಿಟ್ಟು, ಪತ್ರಿಕೆಯೊಂದನ್ನು ಹೊರಡಿಸಿ, 'ವೆಲೋಸಿಯೋ' ಎಂಬ ಹೆಸರಿನಿಂದ ಪ್ರಸಿದ್ಧನಾದನು. ಪಂದ್ಯಕ್ಕಾಗಿ ಅಲ್ಲ, ದೇಶ ನೋಡುವುದಕ್ಕಾಗಿ ಮತ್ತು ದೇಹವನ್ನು ಕಾಪಾಡಿಕೊಳ್ಳುವುದಕ್ಕಾಗಿ ಸೈಕಲ್ ಎಂಬುದು ಅವನ ಮತ. ಹಸಿವಾಗುವ ಮುನ್ನ ಸ್ವಲ್ಪ ತಿನ್ನಬೇಕು, ಬಾಯಾರುವ ಮುನ್ನ ಕುಡಿಯಬೇಕು, ಊಟ ನಿದ್ರೆಗಳು ಕೆಡುವಷ್ಟು ದಣಿಯಬಾರದು, ಪ್ರದರ್ಶನಕ್ಕಾಗಿ ಎಂದೂ ತುಳಿಯಬಾರದು - ಇವು ಅವನು ವಿಧಿಸಿದ ನಿಯಮಗಳ ಸಾರ. ಸ್ವತಃ ಸಸ್ಯಾಹಾರಿಯಾಗಿದ್ದ ಅವನ ಈ ಮಾತುಗಳು ಇಂದಿನ ವೈದ್ಯರಿಗೂ ಒಪ್ಪಿಗೆಯಾಗುವಂಥವು. ಎಪ್ಪತ್ತು ದಾಟಿದ ಮೇಲೂ ಸವಾರಿ ಬಿಡದಿದ್ದ ಈ ಹಿರಿಯನು 1930ರಲ್ಲಿ ತನ್ನ ಊರಿನ ಬೀದಿಯಲ್ಲೇ ಟ್ರಾಮ್ ಬಡಿದು ತೀರಿಕೊಂಡನು. ಬೆಟ್ಟದ ದಾರಿಗಳು ಕಾಯ್ದ ಜೀವವನ್ನು ಪೇಟೆಯ ಬೀದಿ ಕಾಯಲಿಲ್ಲ.

ಈ ಅಪಾಯಕ್ಕೆ ಫ್ರಾನ್ಸ್ ಕಂಡುಕೊಂಡ ಪರಿಹಾರ ಗಮನಾರ್ಹವಾದುದು. ಅಲ್ಲಿ ಹೊಸ ಭೂಮಿಗಾಗಿ ಹೆಚ್ಚು ಹುಡುಕಾಡಲಿಲ್ಲ. ಹಳೆಯ ಕೆಲಸ ಮುಗಿದು ಬರಿದಾಗಿದ್ದ ನೆಲವನ್ನು ಬಳಸಿಕೊಂಡರು. 1681ರಲ್ಲಿ ತೆರೆದ, ಸುಮಾರು 240 ಕಿ.ಮೀ. ಉದ್ದದ ಮಿದಿ ಕಾಲುವೆಯ ದಂಡೆಯಲ್ಲಿ ಹಿಂದೆ ಕುದುರೆಗಳು ದೋಣಿಗಳನ್ನು ಎಳೆಯುತ್ತಿದ್ದವು. ಆ ಮರಗಳ ನೆರಳಿನ ದಾರಿಯಲ್ಲಿ ಈಗ ಸೈಕಲ್ ಪ್ರವಾಸಿಗಳು ಸಾಗುತ್ತಾರೆ. ಬರ್ಗಂಡಿ ಪ್ರಾಂತದಲ್ಲಿ ಗಿವ್ರಿಯಿಂದ ಕ್ಲೂನಿಯವರೆಗಿನ ಹಳೆಯ ರೈಲುಹಾದಿಯು 1997ರಲ್ಲಿ 44 ಕಿ.ಮೀ. ಉದ್ದದ ಸೈಕಲ್ ಹಾದಿಯಾಯಿತು. ಇಂಥ ದಾರಿಗಳನ್ನು ಅಲ್ಲಿ 'ಹಸಿರು ಹಾದಿ' ಎನ್ನುತ್ತಾರೆ. 2004ರಲ್ಲಿ ಅಲ್ಲಿನ ರಸ್ತೆ ಕಾನೂನಿನಲ್ಲಿಯೇ ಇವಕ್ಕೆ ಸ್ಥಾನ ದೊರೆಯಿತು. ಯಂತ್ರವಿಲ್ಲದ ವಾಹನಗಳು, ಪಾದಚಾರಿಗಳು ಮತ್ತು ಕುದುರೆ ಸವಾರರು ಮಾತ್ರ ಇವುಗಳ ಹಕ್ಕುದಾರರು.

ಇಂಥ ಹಾದಿ ದೇಹಕ್ಕೆ ಹಿತವೇಕೆ?

ಮೊದಲನೆಯದಾಗಿ ಏರು-ತಗ್ಗಿನ ವಿಚಾರ. ಕಾಲುವೆಯ ದಂಡೆ ಬಹುಮಟ್ಟಿಗೆ ಸಮತಲ. ರೈಲು ಕಡಿದಾದ ಏರನ್ನು ಹತ್ತಲಾರದಾದ್ದರಿಂದ ಅದರ ಹಾದಿಯೂ ಮೆಲ್ಲನೆಯ ಇಳಿಜಾರಿನದು. ಆದ್ದರಿಂದ ಸವಾರನ ನಾಡಿಬಡಿತ ಥಟ್ಟನೆ ಏರದೆ ಒಂದೇ ಹದದಲ್ಲಿ ನಡೆಯುತ್ತದೆ. ಅಭ್ಯಾಸ ತಪ್ಪಿದ ನಡುವಯಸ್ಸಿನ ಹೃದಯಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಯಾಮ ವಿರಳ.

ಎರಡನೆಯದು ಗಾಳಿ. ವಿಶ್ರಾಂತಿಯಲ್ಲಿರುವ ಮನುಷ್ಯನು ನಿಮಿಷಕ್ಕೆ ಸುಮಾರು 6ರಿಂದ 8 ಲೀಟರ್ ಗಾಳಿಯನ್ನು ಉಸಿರಾಡುತ್ತಾನೆ; ಸೈಕಲ್ ತುಳಿಯುವಾಗ ಇದು ಹಲವು ಪಟ್ಟು ಹೆಚ್ಚುತ್ತದೆ. ಲಾರಿಗಳ ಹೊಗೆಯ ನಡುವೆ ತುಳಿದರೆ ಹೊಗೆಯೂ ಅದೇ ಪ್ರಮಾಣದಲ್ಲಿ ಒಳಸೇರುವುದು. ಲಾಭದ ಖಾತೆಯಿಂದ ನಷ್ಟವನ್ನು ಕಳೆದೇ ಉಳಿಕೆಯನ್ನು ಲೆಕ್ಕ ಹಾಕಬೇಕಷ್ಟೆ.

ಮೂರನೆಯದು ಮನಸ್ಸು. ಹಿಂದಿನಿಂದ ಹಾರ್ನ್ ಮೊಳಗದ ದಾರಿಯಲ್ಲಿ ಮಾತ್ರ ಭುಜಗಳ ಬಿಗಿ ಸಡಿಲುತ್ತದೆ.

ಠಾಣೆಯ ಸುತ್ತಮುತ್ತ

ಹಾಗಾದರೆ ನೌಪಾಡಾದ ನಿವಾಸಿಯು ಫ್ರಾನ್ಸಿಗೆ ಹೋಗಬೇಕೆ? ಬೇಕಿಲ್ಲ. ಬೆಳಕು ಹರಿಯುವ ಹೊತ್ತಿನಲ್ಲಿ ಹೆದ್ದಾರಿಯನ್ನು ದಾಟಿ, ಪೋಖರಣ್ ರಸ್ತೆಯಲ್ಲಿ ವರ್ತಕ್ ನಗರದ ಮೂಲಕ ಸಾಗಿದರೆ ಉಪವನ ಕೆರೆ ಸಿಗುತ್ತದೆ. ಹೊಸಬರಿಗೆ ಮೊದಲ ಕೆಲವು ವಾರ ಈ ಕೆರೆಯವರೆಗಿನ ಸವಾರಿಯೇ ಸಾಕು. ಅಲ್ಲಿಂದ ಮುಂದೆ ಯೇವೂರ್ ಗುಡ್ಡದ ರಸ್ತೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡಿನೊಳಗೆ ಏರುತ್ತದೆ. ವಾಹನ ಕಡಿಮೆ, ನೆರಳು ಹೆಚ್ಚು. ಆದರೆ ಇದು ಏರುದಾರಿ. ಏದುಸಿರು ಬಂದರೆ ಇಳಿದು ಸೈಕಲ್ ತಳ್ಳಿಕೊಂಡು ನಡೆಯುವುದರಲ್ಲಿ ಅವಮಾನವೇನಿಲ್ಲ. ಇಳಿಯುವಾಗ ಎರಡೂ ಬ್ರೇಕುಗಳನ್ನು ಹದವಾಗಿ ಹಿಡಿಯಬೇಕು. ಇದು ಚಿರತೆಗಳಿರುವ ಕಾಡು. ಕತ್ತಲಿರುವಾಗ ಹೋಗತಕ್ಕದ್ದಲ್ಲ, ಅರಣ್ಯ ಇಲಾಖೆಯ ನಿಯಮಗಳನ್ನು ಮೀರತಕ್ಕದ್ದೂ ಅಲ್ಲ.

ಹಳೆಯ ನೆಲವನ್ನು ಹೊಸ ಕೆಲಸಕ್ಕೆ ಬಳಸುವ ಯೋಚನೆ ಇಲ್ಲಿಯೂ ಹೊಳೆಯದೆ ಇಲ್ಲ. ಠಾಣೆ ಜಿಲ್ಲೆಯ ತಾನ್ಸಾ ಜಲಾಶಯದಿಂದ ಮುಂಬಯಿಗೆ ನೀರೊಯ್ಯುವ ದೊಡ್ಡ ಕೊಳವೆಗಳ ಪಕ್ಕದಲ್ಲಿ, ಮುಲುಂಡಿನಿಂದ ದಕ್ಷಿಣಕ್ಕೆ 39 ಕಿ.ಮೀ. ಸೈಕಲ್ ಪಥವನ್ನು ರಚಿಸುವ ಯೋಜನೆಯನ್ನು ಮುಂಬಯಿ ಮಹಾನಗರಪಾಲಿಕೆಯು ಕೈಗೆತ್ತಿಕೊಂಡಿತು. ಇಂಥ ಹಾದಿಗಳು ಪೂರ್ಣಗೊಂಡು ನಿರ್ಮಲವಾಗಿ ಉಳಿಯಬೇಕಾದರೆ ಅವುಗಳನ್ನು ಬಳಸುವ ಹಾಗೂ ಕೇಳುವ ನಾಗರಿಕರು ಇರಬೇಕು.

ರಜೆಗೆ ಊರಿಗೆ ಹೋದಾಗ

ವರ್ಷಕ್ಕೊಮ್ಮೆ ಊರಿಗೆ ಹೋಗುವ ಕುಟುಂಬಗಳಿಗೆ ಇನ್ನೂ ಒಳ್ಳೆಯ ಅವಕಾಶವಿದೆ. ವಿಜಯಪುರ, ಬಾಗಲಕೋಟೆಗಳ ಬಯಲುಸೀಮೆಯಲ್ಲಿ ಹಳ್ಳಿಯಿಂದ ಹಳ್ಳಿಗೆ ಹೋಗುವ ಸಮತಟ್ಟಾದ ರಸ್ತೆಗಳಿವೆ. ಆ ಜಿಲ್ಲೆಗಳು ಹಲವು ಸೈಕಲ್ ಪಟುಗಳನ್ನು ನಾಡಿಗೆ ನೀಡಿವೆ. ಕರಾವಳಿಯ ಒಳದಾರಿಗಳಲ್ಲಿ ಏರಿಳಿತ ಹೆಚ್ಚಾದರೂ ತೋಟಗಳ ನೆರಳುಂಟು. ಮೈಸೂರಿನಲ್ಲಿ 2017ರಲ್ಲಿ 'ಟ್ರಿಣ್ ಟ್ರಿಣ್' ಎಂಬ ಸಾರ್ವಜನಿಕ ಬಾಡಿಗೆ ಸೈಕಲ್ ವ್ಯವಸ್ಥೆ ಆರಂಭವಾಯಿತು.

ಮಂಡ್ಯ ಜಿಲ್ಲೆಯ ನಾಲೆಯ ಏರಿಗಳನ್ನು ಕಂಡರೆ ಫ್ರಾನ್ಸಿನ ಕಾಲುವೆಗಳ ನೆನಪಾಗುವುದು ಸಹಜ. ಆದರೆ ಇಲ್ಲಿ ಎಚ್ಚರಿಕೆಯ ಮಾತೊಂದಿದೆ. 2018ರ ನವೆಂಬರ್ 24ರಂದು ಕನಗನಮರಡಿಯ ಬಳಿ ವಿಶ್ವೇಶ್ವರಯ್ಯ ನಾಲೆಗೆ ಬಸ್ಸೊಂದು ಉರುಳಿ 30 ಮಂದಿ ಮಡಿದರು. ಅವರಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಮಕ್ಕಳೂ ಇದ್ದರು. ತಡೆಗೋಡೆಯಿಲ್ಲದ ಏರಿಯ ಮೇಲೆ ಮಕ್ಕಳನ್ನು ಸೈಕಲ್ ತುಳಿಯಲು ಬಿಡಬಾರದು; ದೊಡ್ಡವರೂ ನೀರಿನ ಅಂಚನ್ನು ಬಿಟ್ಟು ಸಾಗಬೇಕು. ವಾಹನವಿಲ್ಲದ ದಾರಿಯೆಲ್ಲವೂ ಅಪಾಯವಿಲ್ಲದ ದಾರಿಯಲ್ಲ.

ಆರಂಭಿಸುವವರಿಗೆ ಕೆಲವು ಸೂಚನೆಗಳು

1. ಹೃದ್ರೋಗ, ರಕ್ತದೊತ್ತಡ, ಮಧುಮೇಹ ಉಳ್ಳವರು ಮೊದಲು ವೈದ್ಯರ ಸಲಹೆ ಪಡೆಯಬೇಕು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುವವರಿಗೆ ಶ್ರಮದಿಂದ ರಕ್ತದ ಸಕ್ಕರೆ ಅತಿಯಾಗಿ ಇಳಿಯಬಹುದು. ನಡುಕ, ಬೆವರು, ತಲೆಸುತ್ತು ಕಂಡಾಗ ತಕ್ಷಣ ಬಾಯಿಗೆ ಹಾಕಿಕೊಳ್ಳಲು ಜೇಬಿನಲ್ಲಿ ಗ್ಲೂಕೋಸ್ ಇಲ್ಲವೆ ಸಕ್ಕರೆ ಇರಲಿ.

2. ಸೀಟಿನ ಎತ್ತರ ಸರಿಯಾಗಿರಬೇಕು. ಪೆಡಲ್ ಅತ್ಯಂತ ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು. ಸೀಟು ತಗ್ಗಿದ್ದರೆ ಮಂಡಿಯ ಮುಂಭಾಗ ನೋಯುತ್ತದೆ. ಸರಿಯಾಗಿದ್ದರೆ ದೇಹದ ಭಾರವನ್ನು ಸೀಟೇ ಹೊರುವುದರಿಂದ ಓಟಕ್ಕಿಂತ ಸೈಕಲ್ ಮಂಡಿಗೆ ಹಗುರ.

3. ಗೇರುಳ್ಳ ಸೈಕಲ್ಲಾದರೆ ಹಗುರ ಗೇರಿನಲ್ಲಿ ಚುರುಕಾಗಿ ತುಳಿಯಬೇಕು. ವೆಲೋಸಿಯೋ ಗೇರುಗಳ ಪರವಾಗಿ ದಶಕಗಳ ಕಾಲ ವಾದಿಸಿದನು. ಫ್ರಾನ್ಸಿನ ಮಹಾಪಂದ್ಯವಾದ ಟೂರ್ ದ ಫ್ರಾನ್ಸ್ ಸರಪಳಿ ಬದಲಿಸುವ ಗೇರಿಗೆ ಒಪ್ಪಿದ್ದು 1937ರಲ್ಲಿ, ಅವನು ತೀರಿಕೊಂಡ ಏಳು ವರ್ಷಗಳ ಬಳಿಕ.

4. ತುಳಿಯುತ್ತಿರುವಾಗ ಜೊತೆಗಾರನೊಡನೆ ಮಾತನಾಡಲು ಸಾಧ್ಯವಾಗಬೇಕು. ಮಾತು ಕಡಿದು ಕಡಿದು ಬಂದರೆ ವೇಗ ಹೆಚ್ಚಾಯಿತೆಂದು ತಿಳಿಯಬೇಕು.

5. ಠಾಣೆಯ ಹವೆಯಲ್ಲಿ ತೇವ ಹೆಚ್ಚು. ಬೆವರು ಬೇಗ ಆರದೆ ಮೈ ಕಾಯುತ್ತದೆ. ನೀರಿನ ಬಾಟಲಿ ಮರೆಯಬಾರದು. ಬಿಸಿಲೇರುವ ಮುನ್ನ ಮನೆ ಸೇರಬೇಕು.

6. ಹೆಲ್ಮೆಟ್ ಧರಿಸಬೇಕು. ಎದೆನೋವು, ಎಡತೋಳು ಅಥವಾ ದವಡೆಗೆ ಹರಡುವ ನೋವು, ತಣ್ಣನೆಯ ಬೆವರು ಕಂಡುಬಂದರೆ 'ಮನೆಗೆ ಹೋಗಿ ನೋಡೋಣ' ಎನ್ನದೆ ಅಲ್ಲಿಯೇ ನಿಂತು 108ಕ್ಕೆ ಕರೆ ಮಾಡಬೇಕು.

ಉಳಿತಾಯದ ಲೆಕ್ಕ

ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ಶ್ರಮ ಅಗತ್ಯವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ವಾರದಲ್ಲಿ ಮೂರು ಬೆಳಗ್ಗೆ ಅರ್ಧ ಗಂಟೆ, ಭಾನುವಾರ ಒಂದು ಗಂಟೆ - ಲೆಕ್ಕ ಸರಿಹೋಯಿತು. ಒಮ್ಮೆಗೇ ದೊಡ್ಡ ಮೊತ್ತವನ್ನು ಕಟ್ಟಿ ಸುಮ್ಮನಾಗುವ ಠೇವಣಿ ಇದಲ್ಲ. ತಿಂಗಳು ತಿಂಗಳೂ ತಪ್ಪದೆ ಕಟ್ಟುವ ಆವರ್ತ ಠೇವಣಿಯಂಥದು. ಕಂತು ತಪ್ಪಿದರೆ ಬಡ್ಡಿಯೂ ತಪ್ಪುತ್ತದೆ.

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವರು ಇಲ್ಲಿ ಮನೆ ಮಾಡಿದರು, ಮಕ್ಕಳನ್ನು ಓದಿಸಿದರು, ಸಂಘವನ್ನು ಕಟ್ಟಿದರು. ನಿವೃತ್ತಿಯ ಬಳಿಕ ಅದೆಲ್ಲವನ್ನೂ ಅನುಭವಿಸಲು ಶರೀರ ಗಟ್ಟಿಯಾಗಿರಬೇಕು. ಕಟ್ಟಡದ ಮೆಟ್ಟಿಲ ಕೆಳಗೆ ತುಕ್ಕು ಹಿಡಿಯುತ್ತಿರುವ ಸೈಕಲ್ಲೊಂದು ಅನೇಕರ ಮನೆಗಳಲ್ಲಿ ಇಂದಿಗೂ ಉಂಟು. ಬರುವ ಭಾನುವಾರ ಅದರ ಸರಪಳಿಗೆ ಎಣ್ಣೆ ಬಿಟ್ಟು, ಚಕ್ರಕ್ಕೆ ಗಾಳಿ ತುಂಬಿ, ಬ್ರೇಕು ಪರೀಕ್ಷಿಸಿ, ಸದ್ದಿಲ್ಲದ ದಾರಿಯೊಂದನ್ನು ಹುಡುಕಿ ಹೊರಡುವವರಿಗೆ ಶುಭವಾಗಲಿ.