ಪಾರ್ಸೆಲ್ ಕಳೆದುಹೋದರೆ ದುಡ್ಡು ಯಾರು ಕೊಡಬೇಕು?

ಇಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲ್ ಅಂದ್ರೆ ಈಗ ಅರ್ಧ ಅಂಗಡಿ. ಒಬ್ಬ ಹಳೇ ಗ್ರಾಫಿಕ್ಸ್ ಕಾರ್ಡ್ ಮಾರ್ತಾನೆ, ಇನ್ನೊಬ್ಬಳು ತಾನೇ ಜೋಡಿಸಿದ ಕೀಬೋರ್ಡ್ ಮಾರ್ತಾಳೆ. ಫೈನಲ್ ಇಯರ್ ಮುಗಿಸಿದವರು ಡ್ರಾಫ್ಟರ್, ಕ್ಯಾಲ್ಕುಲೇಟರ್, ಆರ್ಡುಯಿನೋ ಕಿಟ್ ಎಲ್ಲವನ್ನೂ ಇನ್‌ಸ್ಟಾಗ್ರಾಮ್‌ನಲ್ಲಿ ಹಾಕಿ ಊರಿಗೆ ಹೊರಡ್ತಾರೆ. ಕೊಳ್ಳುವವರು ಬೇರೆ ಊರಲ್ಲಿದ್ದರೆ ಕೊರಿಯರ್ ಆಗಲೇಬೇಕು. ಹೆಚ್ಚಿನ ಸಲ ವಸ್ತು ತಲುಪತ್ತೆ. ತಲುಪದೇ ಹೋದಾಗ ಏನಾಗತ್ತೆ ಅಂತ ಎಲ್ಲರಿಗೂ ಗೊತ್ತು: ಕಸ್ಟಮರ್ ಕೇರ್‌ಗೆ ಹತ್ತು ಫೋನ್, ಒಂದಿಷ್ಟು ಸಿಟ್ಟು, ಆಮೇಲೆ ಮೌನ. ಏನು ಮಾಡಬಹುದು ಅನ್ನೋದು ಮಾತ್ರ ಗೊತ್ತಿರಲ್ಲ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಹುಬ್ಬಳ್ಳಿಯ ವಿದ್ಯಾರ್ಥಿಯೊಬ್ಬ ತನ್ನ ಗ್ರಾಫಿಕ್ಸ್ ಕಾರ್ಡನ್ನು 14,000 ರೂಪಾಯಿಗೆ ಮಂಗಳೂರಿನ ಒಬ್ಬರಿಗೆ ಮಾರಿದ ಅಂತ ಇಟ್ಟುಕೊಳ್ಳಿ. ಯುಪಿಐ ಮೂಲಕ ದುಡ್ಡು ಮೊದಲೇ ಬಂತು. 180 ರೂಪಾಯಿ ಕೊಟ್ಟು ರಸ್ತೆ ಮೂಲಕ ಹೋಗುವ ಕೊರಿಯರ್‌ಗೆ ಹಾಕಿದ. ನಾಲ್ಕನೇ ದಿನದಿಂದ ಟ್ರ್ಯಾಕಿಂಗ್ ಒಂದೇ ಗೋದಾಮಿನ ಹೆಸರಲ್ಲಿ ನಿಂತಿದೆ. ಈಗ ಎರಡು ಪ್ರಶ್ನೆ. ಕೊಂಡವರಿಗೆ ಮಾರಿದವನು 14,000 ವಾಪಸ್ ಕೊಡಬೇಕಾ? ಕೊರಿಯರ್‌ನವರು ಎಷ್ಟು ಕೊಡಬೇಕು?

ಮೊದಲು ಮಾರಿದವನು ಮತ್ತು ಕೊಂಡವರ ಮಧ್ಯದ ಲೆಕ್ಕ

ಇಲ್ಲಿ ಕಾನೂನು ಹೇಳೋದು ಕೇಳಿದರೆ ಆಶ್ಚರ್ಯ ಆಗತ್ತೆ. 1930ರ ಸರಕು ಮಾರಾಟ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ, ಕೊಂಡವರ ಒಪ್ಪಿಗೆಯ ಮೇಲೆ ಮಾರಿದವನು ವಸ್ತುವನ್ನು ಸಾಗಣೆದಾರನ ಕೈಗೆ ಕೊಟ್ಟರೆ, ಅದು ಮೇಲ್ನೋಟಕ್ಕೆ ಕೊಂಡವರಿಗೇ ಕೊಟ್ಟಂತೆ. 26ನೇ ಸೆಕ್ಷನ್ ಪ್ರಕಾರ ವಸ್ತುವಿನ ಒಡೆತನ ಯಾರಿಗೆ ಹೋಯಿತೋ ಕಳೆದುಹೋಗುವ ಅಪಾಯವೂ ಅವರಿಗೇ ಹೋಗತ್ತೆ. ಅಂದರೆ ಬೇರೆ ಮಾತುಕತೆ ಆಗಿಲ್ಲದಿದ್ದರೆ ಪಾರ್ಸೆಲ್ ಕೌಂಟರ್ ದಾಟಿದ ಮೇಲೆ ನಷ್ಟ ಮಂಗಳೂರಿನವರದ್ದು.

ಇದನ್ನು ಓದಿ ಮಾರುವವರು ಖುಷಿಪಡಬೇಡಿ. ಅದೇ ಸೆಕ್ಷನ್ನಿನ ಎರಡನೇ ಭಾಗದಲ್ಲಿ ಇನ್ನೊಂದು ಮಾತಿದೆ. ವಸ್ತುವಿನ ಸ್ವರೂಪ ಮತ್ತು ಸಂದರ್ಭಕ್ಕೆ ತಕ್ಕಂತೆ, ಕೊಂಡವರ ಪರವಾಗಿ ಸಾಗಣೆದಾರನ ಜೊತೆ ಸರಿಯಾದ ಒಪ್ಪಂದ ಮಾಡುವ ಹೊಣೆ ಮಾರಿದವನದ್ದು. ಅದನ್ನು ಮಾಡದೆ ವಸ್ತು ಕಳೆದುಹೋದರೆ, 'ಕೊರಿಯರ್‌ಗೆ ಕೊಟ್ಟಿದ್ದು ನನಗೆ ಕೊಟ್ಟಂತೆ ಅಲ್ಲ' ಅಂತ ಕೊಂಡವರು ಹೇಳಬಹುದು, ಇಲ್ಲವೇ ಮಾರಿದವನಿಂದಲೇ ಪರಿಹಾರ ಕೇಳಬಹುದು. 14,000ದ ಕಾರ್ಡನ್ನು ವಿಮೆ ಇಲ್ಲದೆ, ಬೆಲೆ ಬರೆಸದೆ, ಎಲ್ಲಕ್ಕಿಂತ ಅಗ್ಗದ ದರದಲ್ಲಿ ಕಳಿಸಿದ್ದು ಸರಿಯಾದ ಒಪ್ಪಂದವಾ? ನನ್ನ ಪ್ರಕಾರ ಅದನ್ನು ಸಮರ್ಥಿಸೋದು ಕಷ್ಟ.

ಕ್ಯಾಶ್ ಆನ್ ಡೆಲಿವರಿ ಆಗಿದ್ದರೆ, ಅಥವಾ 'ನಿಮ್ಮ ಮನೆ ಬಾಗಿಲಿಗೆ ತಲುಪಿಸೋ ಜವಾಬ್ದಾರಿ ನಂದು' ಅಂತ ಚಾಟ್‌ನಲ್ಲಿ ಬರೆದಿದ್ದರೆ ಲೆಕ್ಕ ಬೇರೆ. ಆಗ ಅಪಾಯ ಕೊನೆಯವರೆಗೂ ಮಾರಿದವನ ತಲೆ ಮೇಲೇ ಇರತ್ತೆ. ಮಾರಾಟದ ಹುಮ್ಮಸ್ಸಲ್ಲಿ ಇಂಥ ಮಾತನ್ನು ಎಷ್ಟು ಸಲೀಸಾಗಿ ಟೈಪ್ ಮಾಡ್ತೀವಿ ಅಂತ ಒಮ್ಮೆ ಹಳೇ ಚಾಟ್ ತೆಗೆದು ನೋಡಿ.

ಕೊರಿಯರ್‌ನವರ ಹೊಣೆ ಎಷ್ಟು?

ನಮ್ಮ ದೇಶದಲ್ಲಿ ರಸ್ತೆ ಮೂಲಕ ಸರಕು ಸಾಗಿಸುವವರಿಗೆ 2007ರ ರಸ್ತೆ ಸಾಗಣೆ ಕಾಯ್ದೆ ಅನ್ವಯಿಸತ್ತೆ. ಇದು ಜಾರಿಗೆ ಬಂದಿದ್ದು 2011ರಲ್ಲಿ. ಇದು ಲಾರಿ ಟ್ರಾನ್ಸ್‌ಪೋರ್ಟ್‌ನವರಿಗೆ ಮಾತ್ರ ಅಂದುಕೊಳ್ಳಬೇಡಿ. 'ಸಾಮಾನ್ಯ ಸಾಗಣೆದಾರ' ಅನ್ನೋ ಪದದ ವ್ಯಾಖ್ಯೆಯಲ್ಲಿ ಮನೆಯಿಂದ ಮನೆಗೆ ತಲುಪಿಸುವ ಕೊರಿಯರ್ ಏಜೆನ್ಸಿಗಳೂ, ಬುಕಿಂಗ್ ಕಂಪನಿ, ಏಜೆಂಟ್, ಬ್ರೋಕರ್‌ಗಳೂ ಸೇರಿದ್ದಾರೆ. ಪಾರ್ಸೆಲ್ ವಿಮಾನದಲ್ಲಿ ಹೋದರೆ ಮಾತ್ರ ನಿಯಮ ಬೇರೆ.

ಈ ಕಾಯ್ದೆಯಲ್ಲಿ ನಮಗೆ ಅನುಕೂಲವಾದ ಅಂಶ ಒಂದಿದೆ. ಕೊರಿಯರ್‌ನವರ ನಿರ್ಲಕ್ಷ್ಯದಿಂದಲೇ ವಸ್ತು ಕಳೆಯಿತು ಅಂತ ನಾವು ಸಾಬೀತು ಮಾಡಬೇಕಾಗಿಲ್ಲ. ಯಾವ ಗೋದಾಮಿನಲ್ಲಿ, ಯಾರ ಕೈಯಲ್ಲಿ ಹೋಯಿತು ಅಂತ ಹೊರಗಿರುವ ನಮಗೆ ಹೇಗೆ ತಿಳಿಯಬೇಕು? ಪ್ರಕೃತಿ ವಿಕೋಪ, ಯುದ್ಧ, ಗಲಭೆ, ಸರ್ಕಾರದ ತಡೆ ಇಂಥ ಕೆಲವೇ ಕಾರಣಗಳಿಗೆ ಅವರು ತಪ್ಪಿಸಿಕೊಳ್ಳಬಹುದು. ಹಳೇ ಕಾಯ್ದೆ ಇದ್ದಾಗಲೇ, 2000ದಲ್ಲಿ ಪಟೇಲ್ ರೋಡ್‌ವೇಸ್ ಮತ್ತು ಬಿರ್ಲಾ ಯಮಹಾ ನಡುವಿನ ಪ್ರಕರಣದಲ್ಲಿ, ಈ ತತ್ವ ಗ್ರಾಹಕ ವೇದಿಕೆಗಳಲ್ಲೂ ನಡೆಯತ್ತೆ ಅಂತ ಸುಪ್ರೀಂ ಕೋರ್ಟ್ ಹೇಳಿತ್ತು. ಅಲ್ಲಿ ಸಾಗಣೆದಾರರ ಸುಪರ್ದಿಯಲ್ಲಿದ್ದ ಜನರೇಟರ್ ಸೆಟ್‌ಗಳು ಬೆಂಕಿಗೆ ಹೋಗಿದ್ದವು.

ಈಗ ಅನನುಕೂಲದ ಅಂಶ. ಹೊಣೆ ಇದೆ, ಆದರೆ ಅದಕ್ಕೊಂದು ಮಿತಿ ಇದೆ. ಹೆಚ್ಚಿನ ಅಪಾಯದ ದರ ಕೊಡ್ತೀನಿ ಅಂತ ಬುಕಿಂಗ್ ಸಮಯದಲ್ಲಿ ಒಪ್ಪಿಕೊಂಡಿಲ್ಲದಿದ್ದರೆ, 2011ರ ನಿಯಮಗಳ ಪ್ರಕಾರ ಪರಿಹಾರ ಸಾಗಣೆ ಬಾಡಿಗೆಯ ಹತ್ತು ಪಟ್ಟಿಗೆ ನಿಲ್ಲತ್ತೆ. ಅದೂ ಫಾರ್ಮ್‌ನಲ್ಲಿ ಬರೆಸಿದ ಬೆಲೆಯನ್ನು ಮೀರುವಂತಿಲ್ಲ. ನಮ್ಮ ಹುಬ್ಬಳ್ಳಿ ಹುಡುಗನ ಲೆಕ್ಕ ಮಾಡಿ: 180 ಗುಣಿಸು 10, ಅಂದರೆ 1,800 ರೂಪಾಯಿ. ಖರ್ಚು ಉಳಿಸೋಕೆ ಬೆಲೆ 500 ಅಂತ ಬರೆಸಿದ್ದರೆ ಬರೋದು ಬರೀ 500.

ಇಲ್ಲಿ ಎರಡು ವಿಷಯ ಬೆರೆಸಬೇಡಿ. 14,000 ಅಂತ ಬೆಲೆ ಬರೆಸಿದ ಮಾತ್ರಕ್ಕೆ 14,000 ಸಿಗಲ್ಲ. ಬರೆಸಿದ ಬೆಲೆ ಬರೀ ಮೇಲಿನ ಗಡಿ. ಹತ್ತು ಪಟ್ಟಿನ ಮಿತಿ ದಾಟಬೇಕಾದರೆ ಹೆಚ್ಚಿನ ಅಪಾಯದ ದರ ಕಟ್ಟಿ, ಅದು ರಸೀದಿಯಲ್ಲಿ ಬಂದಿರಬೇಕು. ಅನೇಕ ಡಾಕೆಟ್‌ಗಳಲ್ಲಿ 'ಓನರ್ಸ್ ರಿಸ್ಕ್', 'ಕ್ಯಾರಿಯರ್ಸ್ ರಿಸ್ಕ್' ಅಂತ ಎರಡು ಚೌಕ ಇರತ್ತಲ್ಲ, ಕೌಂಟರ್‌ನವರು ನಮ್ಮನ್ನು ಕೇಳದೆ ಮೊದಲನೆಯದಕ್ಕೆ ಟಿಕ್ ಹಾಕಿಬಿಡ್ತಾರೆ. ಆ ಟಿಕ್ ಎಲ್ಲಿ ಬಿದ್ದಿದೆ ಅಂತ ನೋಡೋದಕ್ಕೆ ಐದು ಸೆಕೆಂಡ್ ಸಾಕು. ಕ್ಯಾರಿಯರ್ಸ್ ರಿಸ್ಕ್‌ಗೆ ಎಷ್ಟು ಹೆಚ್ಚು ಅಂತ ಕೇಳಿ, ಅಥವಾ ಬೇರೆ ಸಾಗಣೆ ವಿಮೆ ಇದೆಯಾ ಕೇಳಿ. ದುಬಾರಿ ವಸ್ತುವಿಗೆ ಆ ದುಡ್ಡನ್ನು ಮಾರಾಟದ ಬೆಲೆಗೇ ಸೇರಿಸಿಬಿಡೋದು ಒಳ್ಳೇದು.

ಡಾಕೆಟ್ ಹಿಂಭಾಗದ ಇರುವೆ ಗಾತ್ರದ ಅಕ್ಷರಗಳ ಬಗ್ಗೆಯೂ ಹೇಳಬೇಕು. 1996ರಲ್ಲಿ ಭಾರತಿ ನಿಟ್ಟಿಂಗ್ ಕಂಪನಿ ಮತ್ತು ಡಿಎಚ್‌ಎಲ್ ನಡುವಿನ ಪ್ರಕರಣ ಸುಪ್ರೀಂ ಕೋರ್ಟ್‌ಗೆ ಹೋಗಿತ್ತು. ಜರ್ಮನಿಗೆ ಕಳಿಸಿದ ದಾಖಲೆಗಳು ತಲುಪದೆ ಕಂಪನಿಗೆ ಲಕ್ಷಗಟ್ಟಲೆ ನಷ್ಟ ಆಗಿತ್ತು. ಆದರೆ ಸಹಿ ಹಾಕಿದ ರವಾನೆ ಚೀಟಿಯಲ್ಲಿ ಹೊಣೆ 100 ಡಾಲರ್‌ಗೆ ಸೀಮಿತ ಅಂತಿತ್ತು. ಸಹಿ ಮಾಡಿದವರು ಆ ಷರತ್ತಿಗೆ ಬದ್ಧರು ಅಂತ ಕೋರ್ಟ್ ಹೇಳಿತು, 100 ಡಾಲರೇ ಗಟ್ಟಿಯಾಯಿತು. ಈ ತೀರ್ಪನ್ನು ಕೊರಿಯರ್ ಕಂಪನಿಗಳ ವಕೀಲರು ಇವತ್ತಿಗೂ ತಂದು ಮುಂದಿಡ್ತಾರೆ. ಅದಕ್ಕೆ ಗ್ರಾಹಕರ ಕಡೆಯ ಉತ್ತರ ಏನಂದರೆ ಅಲ್ಲಿ ಸಹಿ ಇತ್ತು, ಇಲ್ಲಿ ಇಲ್ಲ. ಷರತ್ತು ತೋರಿಸದೆ, ಸಹಿ ತೆಗೆದುಕೊಳ್ಳದೆ ಬರೀ ರಸೀದಿ ಹಿಂದೆ ಅಚ್ಚು ಹಾಕಿದ್ದರೆ ಅದು ಗ್ರಾಹಕನನ್ನು ಕಟ್ಟಿಹಾಕಲ್ಲ ಅಂತ ಗ್ರಾಹಕ ಆಯೋಗಗಳು ಎಷ್ಟೋ ಆದೇಶಗಳಲ್ಲಿ ಒಪ್ಪಿವೆ. ಆದ್ದರಿಂದ ಸಹಿ ಹಾಕಿದ್ದೀರಾ ಇಲ್ಲವಾ ಅನ್ನೋದು ಸಣ್ಣ ವಿಷಯ ಅಲ್ಲ. ಆ್ಯಪ್‌ನಲ್ಲಿ 'ಒಪ್ಪಿದೆ' ಅಂತ ಒತ್ತಿದ್ದೂ ಅವರ ವಾದಕ್ಕೆ ಬಲ ಕೊಡತ್ತೆ.

ಅಂಚೆಯಲ್ಲಿ ಕಳಿಸಿದ್ದರೆ

ಮೇಲೆ ಹೇಳಿದ ಕಾಯ್ದೆಯಲ್ಲಿ ಸರ್ಕಾರ ಸೇರಿಲ್ಲ. 2024ರ ಜೂನ್‌ನಲ್ಲಿ ಜಾರಿಗೆ ಬಂದ 2023ರ ಅಂಚೆ ಕಚೇರಿ ಕಾಯ್ದೆಯೂ, ಅದರ ಹಿಂದಿನ 1898ರ ಕಾಯ್ದೆಯ ಹಾಗೇ, ನಿಯಮದಲ್ಲಿ ಹೇಳಿದಷ್ಟು ಬಿಟ್ಟು ಬೇರೆ ಹೊಣೆ ಇಲ್ಲ ಅನ್ನತ್ತೆ. ಸ್ಪೀಡ್ ಪೋಸ್ಟ್ ಕಳೆದುಹೋದರೆ ಬಹುಕಾಲದಿಂದ ಇರುವ ಲೆಕ್ಕ: ಕಟ್ಟಿದ ಶುಲ್ಕದ ಎರಡು ಪಟ್ಟು ಅಥವಾ 1,000 ರೂಪಾಯಿ, ಯಾವುದು ಕಡಿಮೆಯೋ ಅದು. 150 ರೂಪಾಯಿ ಕಟ್ಟಿದ್ದರೆ 300 ಬರತ್ತೆ, ಅಷ್ಟೇ. ಬೆಲೆಬಾಳುವ ವಸ್ತುವಿಗೆ ಅಂಚೆ ವಿಮೆ ಮಾಡಿಸದೆ ಕಳಿಸೋದು ಬೇಡ.

180 ದಿನದ ಗಡುವು

ತುಂಬಾ ಜನ ಎಡವೋ ಜಾಗ ಇದು. ರಸ್ತೆ ಸಾಗಣೆ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಯಾವುದೇ ಕಾನೂನು ಕ್ರಮಕ್ಕೆ ಮೊದಲು ಲಿಖಿತ ನೋಟಿಸ್ ಕೊಟ್ಟಿರಬೇಕು, ಅದೂ ಬುಕ್ ಮಾಡಿದ ದಿನದಿಂದ 180 ದಿನದೊಳಗೆ. ಕಳೆದುಹೋಯಿತು ಅಂತ ಗೊತ್ತಾದ ದಿನದಿಂದ ಅಲ್ಲ. ಮಾರ್ಚ್ 3ಕ್ಕೆ ಬುಕ್ ಮಾಡಿದ್ದರೆ ಆಗಸ್ಟ್ 30ಕ್ಕೆ ಗಡುವು ಮುಗೀತು. 'ಹುಡುಕ್ತಾ ಇದ್ದೀವಿ ಸರ್, ಇನ್ನೊಂದು ವಾರ' ಅಂತ ಕಸ್ಟಮರ್ ಕೇರ್ ಹೇಳ್ತಾ ಇರತ್ತೆ, ಇಂಟರ್ನಲ್ಸ್ ಬರತ್ತೆ, ಸೆಮಿಸ್ಟರ್ ಪರೀಕ್ಷೆ ಬರತ್ತೆ, ರಜೆ ಬರತ್ತೆ, ಆರು ತಿಂಗಳು ಹೋಗಿರತ್ತೆ. ಫೋನ್ ಕರೆ ನೋಟಿಸ್ ಅಲ್ಲ. ಚಾಟ್‌ಬಾಟ್ ಕೊಟ್ಟ ಟಿಕೆಟ್ ನಂಬರನ್ನೂ ನಾನು ನಂಬಲ್ಲ.

ನೋಟಿಸ್‌ಗೆ ವಕೀಲರು ಬೇಕಿಲ್ಲ. ಇಷ್ಟು ಬರೆದರೆ ಸಾಕು:

'ದಿನಾಂಕ ಇಂಥದ್ದರಂದು ನಿಮ್ಮ ಇಂಥ ಶಾಖೆಯಲ್ಲಿ ಇಂಥ ಡಾಕೆಟ್ ಸಂಖ್ಯೆಯ ಪಾರ್ಸೆಲ್ ಬುಕ್ ಮಾಡಿದ್ದೇನೆ. ಒಳಗಿದ್ದ ವಸ್ತು ಒಂದು ಗ್ರಾಫಿಕ್ಸ್ ಕಾರ್ಡ್, ಬೆಲೆ 14,000 ರೂಪಾಯಿ. ಇದುವರೆಗೆ ಸ್ವೀಕರಿಸಬೇಕಾದವರಿಗೆ ತಲುಪಿಲ್ಲ. 2007ರ ರಸ್ತೆ ಸಾಗಣೆ ಕಾಯ್ದೆಯ 16ನೇ ಸೆಕ್ಷನ್ ಅಡಿ ಇದು ನಷ್ಟದ ನೋಟಿಸ್. ವಸ್ತುವಿನ ಬೆಲೆ ಮತ್ತು ಸಾಗಣೆ ಶುಲ್ಕವನ್ನು 15 ದಿನದೊಳಗೆ ಕೊಡಬೇಕು, ಇಲ್ಲದಿದ್ದರೆ ಗ್ರಾಹಕ ಆಯೋಗಕ್ಕೆ ದೂರು ಕೊಡುತ್ತೇನೆ.'

ಇದನ್ನು ಕಂಪನಿಯ ನೋಂದಾಯಿತ ಕಚೇರಿಗೆ ಅಂಚೆಯಲ್ಲಿ, ತಲುಪಿದ ದಾಖಲೆ ಸಿಗುವ ಹಾಗೆ ಕಳಿಸಿ. ಇಮೇಲ್ ಕೂಡ ಮಾಡಿ. ಆನ್‌ಲೈನ್ ಅಗ್ರಿಗೇಟರ್ ಮೂಲಕ ಬುಕ್ ಮಾಡಿದ್ದರೆ ಅಗ್ರಿಗೇಟರ್‌ಗೂ, ನಿಜವಾಗಿ ಸಾಗಿಸಿದ ಕಂಪನಿಗೂ, ಇಬ್ಬರಿಗೂ ಕಳಿಸಿ. ಇಲ್ಲದಿದ್ದರೆ ಇವರು ಅವರ ಕಡೆ, ಅವರು ಇವರ ಕಡೆ ಬೊಟ್ಟು ಮಾಡ್ತಾ ಕೂರ್ತಾರೆ.

ಸಾಕ್ಷ್ಯ

ವಸ್ತುವಿನ ಮೂಲ ಬಿಲ್, ಕೊಂಡವರ ಯುಪಿಐ ಪಾವತಿ, ಮಾತುಕತೆಯ ಚಾಟ್, ಡಾಕೆಟ್‌ನ ಎರಡೂ ಬದಿಯ ಫೋಟೋ. ಪ್ಯಾಕ್ ಮಾಡುವ ವಿಡಿಯೋದಲ್ಲಿ ಸೀರಿಯಲ್ ನಂಬರ್ ಮತ್ತು ಲೇಬಲ್ ಎರಡೂ ಕಾಣಲಿ, ಮಧ್ಯೆ ಕಟ್ ಬೇಡ. ಟ್ರ್ಯಾಕಿಂಗ್ ಪುಟದ ಸ್ಕ್ರೀನ್‌ಶಾಟ್ ತಕ್ಷಣ ತೆಗೆದಿಡಿ, ಆ ಪುಟಗಳು ಶಾಶ್ವತ ಅಲ್ಲ. ಕಂಪ್ಯೂಟರ್ ಸೈನ್ಸ್‌ನವರಿಗೆ ಒಂದು ಖುಷಿಯ ಸಂಗತಿ: 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಎಲೆಕ್ಟ್ರಾನಿಕ್ ದಾಖಲೆ ಪ್ರಮಾಣಪತ್ರದಲ್ಲಿ ಫೈಲಿನ ಹ್ಯಾಶ್ ಬರೆಯೋ ಜಾಗ ಇದೆ, ಎಸ್‌ಎಚ್‌ಎ-256 ಸಮೇತ. ಕ್ಲಾಸಲ್ಲಿ ಓದಿದ್ದು ಇಲ್ಲಿ ಕೆಲಸಕ್ಕೆ ಬರತ್ತೆ. ಗ್ರಾಹಕ ಆಯೋಗಗಳು ಸಾಕ್ಷ್ಯದ ನಿಯಮಗಳಿಗೆ ಅಷ್ಟು ಬಿಗಿಯಾಗಿ ಅಂಟಿಕೊಳ್ಳಲ್ಲ, ಆದರೂ ಹ್ಯಾಶ್ ಇದ್ದರೆ, ಅದನ್ನು ತೆಗೆದ ಮೇಲೆ ವಿಡಿಯೋ ತಿದ್ದಿದ್ದಾರೆ ಅನ್ನೋಕಾಗಲ್ಲ.

ಸುಳ್ಳು ವಿವರ ಮಾತ್ರ ಬೇಡವೇ ಬೇಡ. ಗ್ರಾಫಿಕ್ಸ್ ಕಾರ್ಡ್‌ಗೆ 'ಪುಸ್ತಕ' ಅಂತ ಬರೆಸೋದು, ಡ್ರೋನ್ ಜೊತೆ ಲಿಥಿಯಂ ಬ್ಯಾಟರಿ ಇಟ್ಟು ಹೇಳದೇ ಇರೋದು, ಇವೆಲ್ಲ ನಡೀತಾನೇ ಇರತ್ತೆ. ಒಳಗೇನಿದೆ ಅನ್ನೋ ವಿವರಕ್ಕೆ ಕಳಿಸುವವರೇ ಹೊಣೆ. ಕಳೆದುಹೋದ ದಿನ ನಿಮ್ಮ ಕೈಬರಹವೇ ನಿಮ್ಮ ವಿರುದ್ಧ ಸಾಕ್ಷಿ ಹೇಳತ್ತೆ.

ದೂರು ಎಲ್ಲಿ?

ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲೇ ಮಾತಾಡಬಹುದು. ಕೆಲವು ಕಂಪನಿಗಳು ಈ ಹಂತದಲ್ಲೇ ದಾರಿಗೆ ಬರ್ತವೆ. ಬರದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ದೂರುದಾರ ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿಯ ಕಚೇರಿ ದೆಹಲಿಯಲ್ಲಿದ್ದರೂ ಸರಿ. ಕೊಟ್ಟ ಹಣ 5 ಲಕ್ಷದವರೆಗಿದ್ದರೆ ಶುಲ್ಕ ಇಲ್ಲ. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು, ವಕೀಲರಿಲ್ಲದೆ ತಾವೇ ವಾದಿಸಬಹುದು. ಕಾಲಮಿತಿ ಎರಡು ವರ್ಷ. ಸ್ವೀಕರಿಸಬೇಕಾಗಿದ್ದವರೂ ಸೇವೆಯ ಫಲಾನುಭವಿಯಾಗಿ ದೂರು ಕೊಡಬಹುದು.

ಕಂಪನಿಯವರು ಎತ್ತುವ ತಕರಾರು ಒಂದಿದೆ: 'ಇವರು ವ್ಯಾಪಾರಕ್ಕೆ ಕಳಿಸಿದ್ದು, ಗ್ರಾಹಕರೇ ಅಲ್ಲ.' ಸ್ವಂತ ಬಳಸಿದ ವಸ್ತುವನ್ನು ಒಮ್ಮೆ ಮಾರಿದವನಿಗೆ ಈ ಮಾತು ಅಷ್ಟಾಗಿ ತಾಗಲ್ಲ. ಜೀವನೋಪಾಯಕ್ಕಾಗಿ ಸ್ವಯಂ ಉದ್ಯೋಗ ಮಾಡುವವರಿಗೂ ಕಾಯ್ದೆಯಲ್ಲೇ ವಿನಾಯಿತಿ ಇದೆ. ತಿಂಗಳಿಗೆ ನೂರಾರು ಪಾರ್ಸೆಲ್ ಕಳಿಸುವ ಕ್ಯಾಂಪಸ್ ಸ್ಟಾರ್ಟಪ್‌ಗಳಿಗೆ ಮಾತ್ರ ಇದು ನಿಜವಾದ ತೊಡಕು. ಅವರು ಸಿವಿಲ್ ಕೋರ್ಟ್ ನೋಡಬೇಕಾಗಬಹುದು. ಇನ್ನೊಂದು, ಷರತ್ತೇ ಅನ್ಯಾಯದ ಒಪ್ಪಂದ ಅಂತ ರದ್ದು ಮಾಡಿಸೋ ದೂರು ಜಿಲ್ಲಾ ಆಯೋಗಕ್ಕೆ ಹೋಗಲ್ಲ, ರಾಜ್ಯ ಆಯೋಗಕ್ಕೆ ಹೋಗಬೇಕು. ಜಿಲ್ಲೆಯಲ್ಲಿ ಸೇವಾ ನ್ಯೂನತೆ ಅಂತಲೇ ಬರೆಯಿರಿ.

ನೋಟಿಸ್ ತಲುಪಿದ ಮೇಲೆ ಕೆಲವೊಮ್ಮೆ ಕಂಪನಿಯಿಂದ ಫೋನ್ ಬರತ್ತೆ: 1,800 ಕೊಡ್ತೀವಿ, ಈ ಫಾರ್ಮ್‌ಗೆ ಸಹಿ ಹಾಕಿ. ಆ ಫಾರ್ಮ್‌ನಲ್ಲಿ 'ಪೂರ್ಣ ಮತ್ತು ಅಂತಿಮ ಇತ್ಯರ್ಥ' ಅಂತಿದ್ದರೆ, ಸಹಿ ಹಾಕಿದ ಮೇಲೆ ಉಳಿದ 12,200ಕ್ಕೆ ಹೋರಾಡೋದು ತುಂಬಾ ಕಷ್ಟ. ಅಷ್ಟಕ್ಕೇ ಮುಗಿಸೋ ಮನಸ್ಸಿದ್ದರೆ ಸಹಿ ಹಾಕಿ. ಇಲ್ಲದಿದ್ದರೆ 'ಭಾಗಶಃ ಪರಿಹಾರವಾಗಿ, ಉಳಿದ ಹಕ್ಕು ಕಾಯ್ದಿರಿಸಿ ಪಡೆದಿದ್ದೇನೆ' ಅಂತ ಕೈಯಲ್ಲಿ ಬರೆದು ಸಹಿ ಹಾಕಿ, ಅದರದೊಂದು ಫೋಟೋ ತೆಗೆದಿಟ್ಟುಕೊಳ್ಳಿ.