ಮನೆಯ ಹಸ್ತಾಂತರದಲ್ಲಿ ವಿಳಂಬ: ಖರೀದಿದಾರರಿಗೆ ಕಾನೂನು ನೀಡಿರುವ ಹಕ್ಕುಗಳು

ಸಂತೆಪೇಟೆಯ ಸಗಟು ವ್ಯಾಪಾರಿ ತಾನು ಹಣ ಕೊಟ್ಟ ಸರಕು ಎರಡು ವಾರ ತಡವಾದರೆ ಸುಮ್ಮನಿರುವುದಿಲ್ಲ. ಹೆಬ್ಬಾಳ ಕೈಗಾರಿಕಾ ಪ್ರದೇಶದ ಉದ್ಯಮಿ ಯಂತ್ರಕ್ಕೆ ಆದೇಶ ನೀಡುವಾಗಲೇ ವಿಳಂಬದ ದಂಡವನ್ನು ಬರೆಸಿಕೊಳ್ಳುತ್ತಾನೆ. ಆದರೆ ಇವರೇ ಜೀವಮಾನದ ಉಳಿತಾಯವನ್ನು ಒಂದು ಫ್ಲಾಟಿಗೆ ತೊಡಗಿಸುವಾಗ, ಬಿಲ್ಡರ್ ಮುದ್ರಿಸಿ ಕೊಟ್ಟ ಕರಾರುಪತ್ರದ ನಲವತ್ತು ಐವತ್ತು ಪುಟಗಳಿಗೆ ಓದದೆಯೇ ಸಹಿ ಮಾಡುತ್ತಾರೆ. ವರ್ಷಗಳು ಉರುಳಿದರೂ ಮನೆ ಕೈಗೆ ಬಾರದಿದ್ದಾಗ, ಒಂದೆಡೆ ಬ್ಯಾಂಕಿನ ಕಂತು, ಮತ್ತೊಂದೆಡೆ ಇರುವ ಮನೆಯ ಬಾಡಿಗೆ ಎರಡನ್ನೂ ತೆರುತ್ತಾ, "ಕರಾರಿನಲ್ಲಿಯೇ ಹಾಗೆ ಬರೆದಿದೆಯಲ್ಲ" ಎಂದು ಕೈಚೆಲ್ಲುತ್ತಾರೆ. ಕರಾರಿನಲ್ಲಿ ಬರೆದಿರುವುದೇ ಅಂತಿಮವಲ್ಲ ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಇದಕ್ಕೆ ನಮ್ಮ ರಾಜ್ಯದ್ದೇ ಆದ ಪ್ರಕರಣವೊಂದಿದೆ. ಬೆಂಗಳೂರಿನ ಬೇಗೂರಿನಲ್ಲಿ ಡಿ.ಎಲ್.ಎಫ್. ಸದರ್ನ್ ಹೋಮ್ಸ್ ಸಂಸ್ಥೆಯು ಕೈಗೊಂಡ ವಸತಿ ಯೋಜನೆಯಲ್ಲಿ ಕರಾರಾದ 36 ತಿಂಗಳೊಳಗೆ ಫ್ಲಾಟುಗಳನ್ನು ವಹಿಸಿಕೊಡಬೇಕಾಗಿತ್ತು. ವಿಳಂಬವಾದರೆ ತಿಂಗಳಿಗೆ ಚದರಡಿಯೊಂದಕ್ಕೆ 5 ರೂಪಾಯಿ ಪರಿಹಾರವೆಂದು ಕರಾರಿನಲ್ಲಿತ್ತು. ಹಸ್ತಾಂತರ ವರ್ಷಗಟ್ಟಲೆ ತಡವಾಯಿತು. ಖರೀದಿದಾರರು ಕರಾರಿಗೆ ಬದ್ಧರೆಂದು ಹೇಳಿ ರಾಷ್ಟ್ರೀಯ ಗ್ರಾಹಕ ಆಯೋಗವು 2019ರಲ್ಲಿ ದೂರನ್ನು ವಜಾ ಮಾಡಿತು. 339 ಮಂದಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. 2020ರ ಆಗಸ್ಟ್ 24ರಂದು ನ್ಯಾಯಾಲಯವು ಆ ಆದೇಶವನ್ನು ರದ್ದುಪಡಿಸಿ, ಚದರಡಿಗೆ 5 ರೂಪಾಯಿಯಲ್ಲದೆ, ಪಾವತಿಸಿದ ಹಣದ ಮೇಲೆ ವಾರ್ಷಿಕ ಶೇಕಡಾ 6ರ ಸರಳ ಬಡ್ಡಿಯನ್ನೂ ನೀಡಬೇಕೆಂದು ತೀರ್ಪಿತ್ತಿತು. ಮೊದಲೇ ರಾಜಿ ಮಾಡಿಕೊಂಡಿದ್ದ ಕೆಲವರಿಗೆ ಈ ಪ್ರಯೋಜನ ದೊರೆಯಲಿಲ್ಲ.

ತೀರ್ಪಿನ ಮತ್ತೊಂದು ಅಂಶ ನಮ್ಮ ಸದಸ್ಯರಿಗೆ ಹೆಚ್ಚು ಮುಖ್ಯವಾದುದು. ಪರಿಹಾರದ ಹಕ್ಕನ್ನು ಬಿಟ್ಟುಕೊಟ್ಟರೆ ಮಾತ್ರ ಕ್ರಯಪತ್ರ ಎಂಬ ಬಿಲ್ಡರುಗಳ ಪಟ್ಟನ್ನು ನ್ಯಾಯಾಲಯ ಒಪ್ಪಲಿಲ್ಲ. ಸ್ವಾಧೀನ ಪಡೆದು ಕ್ರಯಪತ್ರ ಮಾಡಿಸಿಕೊಂಡ ಮಾತ್ರಕ್ಕೆ ವಿಳಂಬದ ಪರಿಹಾರ ಕೇಳುವ ಹಕ್ಕು ಅಳಿದುಹೋಗುವುದಿಲ್ಲ. ಹಾಗೆಂದು ಕೀಲಿಕೈ ಪಡೆಯುವ ದಿನ ಕೊಟ್ಟ ಕಾಗದಕ್ಕೆಲ್ಲ ಸಹಿ ಹಾಕುವುದು ಜಾಣತನವಲ್ಲ. "ಪರಿಹಾರದ ಹಕ್ಕನ್ನು ಉಳಿಸಿಕೊಂಡು ಸ್ವೀಕರಿಸಿದ್ದೇನೆ" ಎಂಬ ಒಂದು ಸಾಲಿನ ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿಡುವುದು ಕ್ಷೇಮ.

ಏಕಪಕ್ಷೀಯ ಷರತ್ತಿನ ಬಗ್ಗೆ ಇದಕ್ಕೂ ಮುನ್ನ, 2019ರ ಏಪ್ರಿಲ್‌ನಲ್ಲಿ, ಪಯೋನಿಯರ್ ಅರ್ಬನ್ ಪ್ರಕರಣದಲ್ಲಿ ತೀರ್ಪಾಗಿತ್ತು. ಅಲ್ಲಿ ಖರೀದಿದಾರ ಕಂತು ತಡಮಾಡಿದರೆ ಶೇಕಡಾ 18ರ ಬಡ್ಡಿ, ಬಿಲ್ಡರ್ ತಪ್ಪಿದರೆ ಶೇಕಡಾ 9. ಇಂತಹ ಷರತ್ತುಗಳು ಅನುಚಿತ ವ್ಯಾಪಾರ ಪದ್ಧತಿಯೆಂದೂ, ಖರೀದಿದಾರನನ್ನು ಬಂಧಿಸುವುದಿಲ್ಲವೆಂದೂ ನ್ಯಾಯಾಲಯ ಹೇಳಿತು.

ಈಗ ರೇರಾ ಕಾಯಿದೆಗೆ ಬರೋಣ. 2016ರ ಈ ಕಾಯಿದೆ 2017ರ ಮೇ 1ರಿಂದ ಪೂರ್ಣವಾಗಿ ಜಾರಿಗೆ ಬಂದಿತು. ನಮ್ಮ ರಾಜ್ಯದ ನಿಯಮಗಳು ಅದೇ ವರ್ಷದ ಜುಲೈನಲ್ಲಿ ಹೊರಬಿದ್ದವು. ಇದರ ಜೀವಾಳ 18ನೆಯ ಕಲಂ. ಕರಾರಿನ ದಿನಾಂಕಕ್ಕೆ ಮನೆ ಸಿದ್ಧವಾಗದಿದ್ದರೆ ಖರೀದಿದಾರನ ಮುಂದೆ ಎರಡು ದಾರಿಗಳಿವೆ: ಯೋಜನೆಯಿಂದ ಹೊರಬಂದು ಹಣವನ್ನು ಬಡ್ಡಿಸಮೇತ ಹಿಂಪಡೆಯುವುದು, ಇಲ್ಲವೇ ಯೋಜನೆಯಲ್ಲಿಯೇ ಉಳಿದು ಹಸ್ತಾಂತರದವರೆಗಿನ ಪ್ರತಿ ತಿಂಗಳ ವಿಳಂಬಕ್ಕೂ ಬಡ್ಡಿ ಪಡೆಯುವುದು. ಆಯ್ಕೆ ಖರೀದಿದಾರನದು, ಬಿಲ್ಡರನದಲ್ಲ. ಮರುಪಾವತಿ ಕೇಳುವ ಹಕ್ಕು ಯಾವ ಷರತ್ತಿಗೂ ಒಳಪಟ್ಟದ್ದಲ್ಲವೆಂದು 2021ರ ನವೆಂಬರ್‌ನ ನ್ಯೂಟೆಕ್ ಪ್ರಮೋಟರ್ಸ್ ತೀರ್ಪು ಖಚಿತಪಡಿಸಿತು.

ಬಡ್ಡಿಯ ದರ ಸ್ಟೇಟ್ ಬ್ಯಾಂಕಿನ ಅತ್ಯಧಿಕ ಎಂ.ಸಿ.ಎಲ್.ಆರ್. ದರಕ್ಕೆ ಶೇಕಡಾ 2 ಸೇರಿಸಿದಷ್ಟು. ಲೆಕ್ಕ ಹಾಕಿ ನೋಡಿ. 1,200 ಚದರಡಿಯ ಫ್ಲಾಟಿಗೆ 40 ಲಕ್ಷ ಕಟ್ಟಿದ್ದೀರಿ ಎನ್ನೋಣ. ಚದರಡಿಗೆ 5 ರೂಪಾಯಿಯಂತೆ ತಿಂಗಳಿಗೆ ಬರುವುದು 6,000. ದರ ಶೇಕಡಾ 10 ಎಂದಿಟ್ಟುಕೊಂಡರೂ ರೇರಾ ಬಡ್ಡಿ ತಿಂಗಳಿಗೆ 33,000 ದಾಟುತ್ತದೆ. ಆದರೆ ಇದೇ ದರ ಕಂತು ತಪ್ಪಿದ ಖರೀದಿದಾರನಿಗೂ ಅನ್ವಯಿಸುತ್ತದೆ. ಆದಕಾರಣ ಬಿಲ್ಡರ್ ಮೇಲಿನ ಕೋಪಕ್ಕೆ ಏಕಾಏಕಿ ಕಂತು ನಿಲ್ಲಿಸುವುದು ತರವಲ್ಲ.

ದಿನಾಂಕದ ವಿಷಯದಲ್ಲಿ ಅನೇಕರು ಮೋಸಹೋಗುತ್ತಾರೆ. ರೇರಾ ನೋಂದಣಿಯ ವೇಳೆ ಬಿಲ್ಡರ್ ಹೊಸದೊಂದು ಮುಕ್ತಾಯದ ದಿನಾಂಕವನ್ನು ಘೋಷಿಸಿಕೊಂಡಿರಬಹುದು. ವಿಳಂಬವನ್ನು ಎಣಿಸಬೇಕಾದುದು ಖರೀದಿದಾರನೊಡನೆ ಮಾಡಿಕೊಂಡ ಕರಾರಿನ ದಿನಾಂಕದಿಂದಲೇ ಎಂದು ಬೊಂಬಾಯಿ ಉಚ್ಚ ನ್ಯಾಯಾಲಯ 2017ರ ಡಿಸೆಂಬರ್‌ನಲ್ಲಿಯೇ ಹೇಳಿದೆ. ಕರಾರಿನಲ್ಲಿ ದಿನಾಂಕವನ್ನೇ ನಮೂದಿಸದಿದ್ದ ಪ್ರಕರಣವೊಂದರಲ್ಲಿ ಮೂರು ವರ್ಷ ಸಮಂಜಸವಾದ ಅವಧಿಯೆಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಪರಿಗಣಿಸಿತು.

ವ್ಯಾಪಾರಿಗಳಿಗೆ ಒಂದು ವಿಶೇಷ ತೊಡಕಿದೆ. ಗ್ರಾಹಕ ಆಯೋಗಕ್ಕೆ ಹೋದೊಡನೆ, "ಇವರು ವ್ಯಾಪಾರಸ್ಥರು, ವಾಣಿಜ್ಯ ಉದ್ದೇಶಕ್ಕಾಗಿ ಕೊಂಡಿದ್ದಾರೆ, ಗ್ರಾಹಕರೇ ಅಲ್ಲ" ಎಂಬ ಆಕ್ಷೇಪಣೆ ಎದುರಾಗುತ್ತದೆ. ಖರೀದಿದಾರನ ವೃತ್ತಿ ಏನೆಂಬುದಲ್ಲ, ಆ ಖರೀದಿಯ ಉದ್ದೇಶವೇನೆಂಬುದೇ ಪ್ರಶ್ನೆ. ಮುಂಬಯಿಯ ಆಸ್ಪತ್ರೆಯ ಟ್ರಸ್ಟೊಂದು ದಾದಿಯರ ವಸತಿಗಾಗಿ 29 ಫ್ಲಾಟುಗಳನ್ನು ಕೊಂಡಿದ್ದಾಗ, ಅದು ಲಾಭ ಗಳಿಕೆಗೆ ನೇರ ಸಂಬಂಧವಿಲ್ಲದ ಖರೀದಿಯೆಂದು 2019ರ ನವೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಟ್ರಸ್ಟನ್ನು ಗ್ರಾಹಕನೆಂದೇ ಮಾನ್ಯ ಮಾಡಿತು. ನೌಕರರ ವಸತಿಗಾಗಿ ಮನೆ ಕೊಳ್ಳುವ ಕಾರ್ಖಾನೆದಾರರು ಇದನ್ನು ನೆನಪಿಡಬೇಕು. ವಾಣಿಜ್ಯ ಉದ್ದೇಶವೆಂದು ಸಾಧಿಸುವ ಹೊಣೆ ಆಕ್ಷೇಪಿಸುವವನದೇ ಎಂಬುದು 2024ರ ಮೇ ತಿಂಗಳ ಮತ್ತೊಂದು ತೀರ್ಪಿನಿಂದ ಸ್ಪಷ್ಟವಾಗಿದೆ. ಆದರೆ ಮಾರಾಟಕ್ಕೆಂದೇ ನಾಲ್ಕಾರು ಫ್ಲಾಟು ಹಿಡಿದವರಿಗೆ ಗ್ರಾಹಕ ಕಾಯಿದೆಯ ರಕ್ಷಣೆ ಸಿಗುವುದು ಕಷ್ಟ. ಅಂತಹವರಿಗೂ, ಮಳಿಗೆ, ಕಚೇರಿ, ಗೋದಾಮು ಕಾಯ್ದಿರಿಸಿದವರಿಗೂ ರೇರಾ ಬಾಗಿಲು ತೆರೆದೇ ಇದೆ. ಆ ಕಾಯಿದೆಯ ವ್ಯಾಖ್ಯೆಯಲ್ಲಿ ಇವೆಲ್ಲವೂ ಸೇರಿವೆ.

ಗ್ರಾಹಕ ಆಯೋಗದ ಅನುಕೂಲವೆಂದರೆ ಸಮೀಪತೆ. 2020ರ ಜುಲೈನಲ್ಲಿ ಜಾರಿಗೆ ಬಂದ ಹೊಸ ಕಾಯಿದೆಯಂತೆ ದೂರುದಾರ ತಾನು ವಾಸಿಸುವ ಊರಿನಲ್ಲಿಯೇ ದೂರು ಸಲ್ಲಿಸಬಹುದು. ಬೆಂಗಳೂರಿನಲ್ಲಿ ಫ್ಲಾಟು ಕೊಂಡ ಮೈಸೂರಿನವರು, ಪಾವತಿಸಿದ ಪ್ರತಿಫಲ 50 ಲಕ್ಷ ಮೀರದಿದ್ದರೆ ಮೈಸೂರಿನ ಜಿಲ್ಲಾ ಆಯೋಗದಲ್ಲಿಯೇ, 2 ಕೋಟಿಯವರೆಗೆ ರಾಜ್ಯ ಆಯೋಗದಲ್ಲಿ ದಾವೆ ಹೂಡಬಹುದು. ರೇರಾ ಇದೆಯೆಂದು ಗ್ರಾಹಕ ಆಯೋಗ ದೂರನ್ನು ನಿರಾಕರಿಸುವಂತಿಲ್ಲ. 2020ರ ನವೆಂಬರ್‌ನ ಇಂಪೀರಿಯಾ ಪ್ರಕರಣದಲ್ಲಿ ಇದು ತೀರ್ಮಾನವಾಗಿದೆ. ಆದರೆ ಒಂದೇ ಪರಿಹಾರಕ್ಕೆ ಎರಡೂ ಕಡೆ ಓಡುವುದು ಬೇಡ.

ಕಹಿಯಾದರೂ ಹೇಳಬೇಕಾದ ಮಾತೊಂದಿದೆ. ರಸೀದಿಯಿಲ್ಲದೆ ನಗದಾಗಿ ಕೊಟ್ಟ ಹಣವನ್ನು ಯಾವ ಪ್ರಾಧಿಕಾರದ ಮುಂದೆ ಸಾಧಿಸುವುದೂ ಬಲು ಕಷ್ಟ. 2015ರ ಜೂನ್‌ನಿಂದ ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ನಗದು ಮುಂಗಡವನ್ನು ಸ್ವೀಕರಿಸುವುದೇ ಆದಾಯ ತೆರಿಗೆ ಕಾನೂನಿಗೆ ವಿರುದ್ಧ. ನೋಂದಾಯಿತ ಕರಾರಿಲ್ಲದೆ ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಹಣ ಪಡೆಯುವುದನ್ನು ರೇರಾದ 13ನೆಯ ಕಲಂ ನಿಷೇಧಿಸಿದೆ. "ನೋಂದಣಿ ಆಮೇಲೆ ನೋಡೋಣ" ಎನ್ನುವ ಬಿಲ್ಡರಿಗೆ ಎರಡನೆಯ ಚೆಕ್ ಕೊಡಬೇಡಿ.

ಆದೇಶ ದೊರೆತ ಮೇಲೆ ವಸೂಲಿಯ ಪ್ರಶ್ನೆ. ಇಲ್ಲಿಯೇ ವ್ಯವಸ್ಥೆ ಕುಂಟುತ್ತಿದೆ. ಬಿಲ್ಡರ್ ಹಣ ಕಟ್ಟದಿದ್ದರೆ 40ನೆಯ ಕಲಮಿನಂತೆ ಭೂಕಂದಾಯದ ಬಾಕಿಯೆಂದು ವಸೂಲಿ ಮಾಡಬೇಕು; ಅಂದರೆ ಕಡತ ಕಂದಾಯ ಇಲಾಖೆಗೆ ಹೋಗುತ್ತದೆ, ಅಲ್ಲಿ ಬಹುಕಾಲ ಕುಳಿತುಬಿಡುತ್ತದೆ. ಬಿಲ್ಡರನ ಆಸ್ತಿಗಳ ಸರ್ವೆ ನಂಬರ್, ಖಾತೆ, ಬ್ಯಾಂಕ್ ಖಾತೆಗಳ ವಿವರವನ್ನು ಅರ್ಜಿದಾರರೇ ಕಲೆಹಾಕಿ ತಹಶೀಲ್ದಾರರಿಗೆ ಒದಗಿಸಿದರೆ ಕಡತ ಸ್ವಲ್ಪವಾದರೂ ಚಲಿಸುತ್ತದೆ. ಬಿಲ್ಡರ್ ಮೇಲ್ಮನವಿ ಹೂಡಿದರೆ ಖರೀದಿದಾರ ಧೈರ್ಯಗೆಡಬೇಕಿಲ್ಲ. ಖರೀದಿದಾರನಿಗೆ ಸಲ್ಲಬೇಕಾದ ಪೂರ್ಣ ಮೊತ್ತವನ್ನು ಬಡ್ಡಿಸಹಿತ ಠೇವಣಿ ಇಡದ ಹೊರತು, 43ನೆಯ ಕಲಮಿನಂತೆ ಬಿಲ್ಡರನ ಮೇಲ್ಮನವಿಯನ್ನು ನ್ಯಾಯಮಂಡಳಿಯು ವಿಚಾರಣೆಗೆ ಎತ್ತಿಕೊಳ್ಳುವಂತಿಲ್ಲ.